ಕೆಂಪು ಗುರುತು

ಮೂರನೇ ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತರೂ ಇಂಜಿನ್ನಿನ ಸದ್ದು ಒಂಚೂರೂ ಬದಲಾಗಲಿಲ್ಲ. ಮೊದಲೆರಡನ್ನು ಕಿತ್ತಾಗ ಕಾರು ಇನ್ನೂ ಜೋರಾಗಿ ನಡುಗಿತ್ತು. "ಸಿಕ್ತು ಟೀಚರಮ್ಮ. ಈ ಪ್ಲಗ್ ಕೆಲಸಾನೇ ಮಾಡ್ತಿಲ್ಲ," ಎಂದು ಮೆಕ್ಯಾನಿಕ್ ಇಂಜಿನ್ ಆರಿಸಿದ.

"ಹೋದ ವಾರ ನಾನು ತಂದುಕೊಟ್ಟಿದ್ದು ನಾಲ್ಕೂ ಹೊಚ್ಚ ಹೊಸದು. ನೀನು ಅವನ್ನೇ ಹಾಕಿದ್ದೀಯ ಅಂತ ಏನಪ್ಪಾ ಗ್ಯಾರಂಟಿ?" ಪರೀಕ್ಷೆಯಲ್ಲಿ ನಕಲು ಚೀಟಿ ಹಿಡಿದು ಪಳಗಿದ ಟೀಚರಮ್ಮನ ಕಣ್ಣು ಅವನ ಕೈ ಬಿಟ್ಟು ಕದಲಲಿಲ್ಲ. ಕೊಡುವ ಮುಂಚೆ ಪ್ರತಿ ಪ್ಲಗ್ಗಿಗೂ ಅವರು ಗುಟ್ಟಾಗಿ ಉಗುರುಬಣ್ಣದ ಗುರುತು ಹಾಕಿದ್ದರು. ಗುರುತಿಲ್ಲದ ಪ್ಲಗ್ ಹೊರಬರಲಿ, ಇವನಿಗೆ ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡರು.

ಪ್ಲಗ್ ಹೊರಬಂತು. ಗುರುತು ಇತ್ತು. ವೈರು ಕೂರುವ ತುದಿಯ ಮೇಲೇ, ಬಾಟಲಿಯ ತಳದಲ್ಲಿದ್ದುದನ್ನೆಲ್ಲ ಸುರಿದಂತೆ ದಪ್ಪಗೆ ಒಣಗಿ ಕೂತಿತ್ತು. ಮೆಕ್ಯಾನಿಕ್ ಅದನ್ನು ಚಾಕುವಿನಿಂದ ಕೆರೆದು, ಪ್ಲಗ್ ಕೂರಿಸಿ ಸ್ಟಾರ್ಟ್ ಮಾಡಿದ. ಇಂಜಿನ್ ನಡುಗದೆ, ಕೆಮ್ಮದೆ ಒಂದೇ ಸಮನೆ ಓಡತೊಡಗಿತು.

"ಇದು ಅಡ್ಡ ಕೂತ್ರೆ ಕರೆಂಟ್ ಹೇಗೆ ಹೋಗುತ್ತೆ? ಯಾವ ಪುಣ್ಯಾತ್ಮ ಬಳಿದನೋ!" ಎನ್ನುತ್ತಾ ಅವನು ಚಾಕುವಿಗಂಟಿದ ಕೆಂಪು ಚೂರನ್ನು ಮುಂದೆ ಹಿಡಿದ.

ಟೀಚರಮ್ಮ ತಮ್ಮ ಹತ್ತೂ ಬೆರಳುಗಳನ್ನು ಮೆಲ್ಲಗೆ ಮುಷ್ಟಿಯೊಳಗೆ ಮಡಚಿಕೊಂಡರು.