ಅರ್ಧಕ್ಕೆ ನಿಲ್ಲುವ ಹಾಡು

ಬೆಟ್ಟಗಳು ಬಟ್ಟಲಿನಂತೆ ಸುತ್ತುವರಿದ ಬಾಂಡುಂಗ್ ಊರಿನಲ್ಲಿ, ಕ್ಯಾಸೆಟ್ಟುಗಳು ಇನ್ನೂ ಉಸಿರಾಡುತ್ತಿದ್ದ ಕಾಲದಲ್ಲಿ, ಒಂದು ಹಾಡು ಇತ್ತಂತೆ. ಮೊದಲು ನಡೆಯುತ್ತಿತ್ತು, ಆಮೇಲೆ ಓಡುತ್ತಿತ್ತು, ಕೊನೆಗೆ ಚೀರುತ್ತ ಹಾರಿ ಅರ್ಧ ಮಾತಿನಲ್ಲೇ ಮಾಯವಾಗುತ್ತಿತ್ತು. ಅದನ್ನು ಕೇಳಿ ಇಬ್ಬರು ಹುಡುಗಿಯರಿಗೆ ಹುಚ್ಚು ಹಿಡಿಯಿತು. ಕಿವಿಯ ಮೇಲಿನ ಕೂದಲು ಬೋಳಿಸಿಕೊಂಡರು, ಪಂಕ್ ತಂಡ ಕಟ್ಟಿದರು, ಒಬ್ಬರಿಗೊಬ್ಬರು ಮಾತು ಕೊಟ್ಟರು: ನಮ್ಮಲ್ಲಿ ಯಾರ ಮದುವೆಯಾದರೂ ಸರಿ, ವೇದಿಕೆಯ ಮೇಲೆ ಈ ಹಾಡು ಆಗಲೇಬೇಕು.

ಅವರಲ್ಲಿ ಹಾಡುವವಳು ವಿವಿನ್. ನಲವತ್ತು ದಾಟಿದ ಮೇಲೆ ಇವತ್ತು ಅವಳ ಮದುವೆ. ತಲೆಯ ಮೇಲೆ ಮಣಭಾರದ ಕಿರೀಟ, ಅದರಿಂದ ಎದೆಯವರೆಗೆ ಇಳಿದ ಮಲ್ಲಿಗೆ. ಕತ್ತು ತಿರುಗಿಸಲಾಗದೆ, ಕನ್ನಡಿಯೊಳಗಿಂದಲೇ ಅವಳು ಡ್ರಮ್ ಬಾರಿಸುವ ಗೆಳತಿ ಇಮಾಸ್‌ಳನ್ನು ನೋಡಿದಳು.

“ಬಾಗಿಲು ಹಾಕೇ. ನಿಂಗೊಂದು ಕೇಳಿಸ್ಬೇಕು. ಮೂರ್ಛೆಗೀರ್ಛೆ ಬಿದ್ರೆ ಎತ್ತೋಕೆ ನನ್ ಕೈಲಾಗಲ್ಲ, ಕಿರೀಟ ಬೀಳುತ್ತೆ.”

ವರನ ಕಡೆಯವರು ಹೊತ್ತು ತಂದಿದ್ದ ಉಡುಗೊರೆಯ ಹರಿವಾಣಗಳಲ್ಲಿ, ಬಾಟಿಕ್ ಬಟ್ಟೆ, ಚಪ್ಪಲಿ, ಸೋಪುಗಳ ನಡುವೆ, ರಿಬ್ಬನ್ ಕಟ್ಟಿದ ಒಂದು ಹಳೆಯ ರೆಕಾರ್ಡ್ ಇತ್ತು. ವರ ರುಸ್ಮಾನ್, ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಮೇಷ್ಟ್ರು. ವಿವಿನ್ ಗುನುಗುತ್ತಿದ್ದ ಎರಡು ಸಾಲು ಹಿಡಿದು, ಕಡಲಾಚೆಯಿಂದ ಮೂಲ ಹಾಡನ್ನೇ ಹುಡುಕಿ ತರಿಸಿದ್ದರು. ಅದನ್ನು ನುಡಿಸುವ ಪೆಟ್ಟಿಗೆಯನ್ನೂ ಜೊತೆಗೆ ಕಳಿಸಿದ್ದರು.

ಇಮಾಸ್ ರೆಕಾರ್ಡಿನ ಮೇಲೆ ಮುಳ್ಳು ಇಟ್ಟಳು. ಹಾಡು ಶುರುವಾಯಿತು. ಅವಳ ಕೈಗಳು ತಾವಾಗಿಯೇ ಮೇಜಿನ ಮೇಲಿದ್ದ ಎರಡು ಬಾಚಣಿಗೆ ಎತ್ತಿಕೊಂಡು ತಾಳ ಹಿಡಿದವು. ಸ್ವಲ್ಪ ದೂರ ಇಬ್ಬರೂ ಜೊತೆಯಾಗಿ ನಡೆದರು, ಹಾಡು ಮತ್ತು ಅವಳು. ಆಮೇಲೆ ಅವಳ ಕೈ ಓಡಿತು. ಹಾಡು ಓಡಲಿಲ್ಲ. ಬೆಳಗಿನ ತಿಂಡಿ ಮುಗಿಸಿ ಹೊರಟವರ ಹಾಗೆ ಅದು ತನ್ನ ಪಾಡಿಗೆ ತಾನು ನಡೆದೇ ಹೋಯಿತು. ಯಾವನೋ ಗಂಡಸು ಸಮಾಧಾನವಾಗಿ ಹಾಡುತ್ತಿದ್ದ: ನಿನ್ನ ಬಂಗಲೆ ಬೇಡ, ನಿನ್ನ ಬಿರುದು ಬೇಡ, ನನಗೆ ಬೇಕಾದ್ದು...

ಇಮಾಸ್ ತಟ್ಟನೆ ಮುಳ್ಳು ಎತ್ತಿಬಿಟ್ಟಳು. ಅವರ ಹಾಡು ನಿಲ್ಲುತ್ತಿದ್ದುದು ಅಲ್ಲೇ.

“ಮುಂದೆ ಇದೆ ಕಣೇ,” ಎಂದಳು ವಿವಿನ್. “ನಾನೂ ಕೇಳಿಲ್ಲ. ಧೈರ್ಯ ಬರ್ಲಿಲ್ಲ.”

“ಇದು ನಮ್ ಹಾಡಲ್ಲ, ತೆತೆ.” ಎರಡು ವರ್ಷ ದೊಡ್ಡವಳಾದ ವಿವಿನ್ ಅವಳಿಗೆ ಯಾವತ್ತೂ ತೆತೆ, ಅಂದರೆ ಅಕ್ಕ. “ನಮ್ದು ಓಡುತ್ತೆ.”

“ನಮ್ಮಣ್ಣ ಆಗ ನಮಗೆ ಟೇಪ್ ಮಾಡ್ಕೊಟ್ಟಿದ್ದು ಸೆಲ್ಲಿನ ರೆಕಾರ್ಡರಲ್ಲಿ. ಸೆಲ್ ಸಾಯ್ತಾ ಬಂದಂಗೆ ರೆಕಾರ್ಡ್ ಆಗೋವಾಗ ಟೇಪು ತೆವಳುತ್ತೆ. ಅದನ್ನೇ ತಂದು ಮನೆ ಕರೆಂಟಲ್ಲಿ ಸರಿಯಾದ ವೇಗಕ್ಕೆ ಹಾಕಿದ್ರೆ ಹಾಡು ಓಡ್ದೆ ಇನ್ನೇನ್ ಮಾಡುತ್ತೆ? ಸೆಲ್ ಪೂರ್ತಿ ಸತ್ತ ಕಡೆ ಹಾಡೂ ನಿಂತಿದೆ. ಅಷ್ಟೇ ಕಥೆ.”

ಇಮಾಸ್ ಬಾಚಣಿಗೆಗಳನ್ನು ಹಿಡಿದುಕೊಂಡೇ ಮಂಚದ ತುದಿಯಲ್ಲಿ ಕೂತಳು. ಅವಳು ಮನೆ ಬಿಟ್ಟು ಬಂದದ್ದು ಆ ಓಟದ ಬೆನ್ನೇರಿ. ನಿನಗೆ ಬೇಕಾದ್ದಾದರೂ ಏನು ಎಂದು ಅಮ್ಮ ಕೇಳಿದಾಗ, ನೋಡಲು ಬಂದ ಗಂಡುಗಳು ಕೇಳಿದಾಗ, ಅವಳು ಆ ಹಾಡಿನ ಹಾಗೆಯೇ ಮಾತು ನಿಲ್ಲಿಸಿ ನಕ್ಕಿದ್ದಳು. ಅದೇ ಉತ್ತರ ಅಂದುಕೊಂಡಿದ್ದಳು. ಈಗ ನೋಡಿದರೆ ಸೆಲ್ಲು ಮುಗಿದಿತ್ತಂತೆ.

“ಹೇಳು,” ಎಂದಳು ವಿವಿನ್. “ಯಾವುದನ್ನ ಹಾಡ್ಲಿ? ಅವ್ರು ಪಾಪ ಪ್ರೀತಿಯಿಂದ ತರ್ಸಿದಾರೆ. ನಮ್ದನ್ನೇ ಹಾಡಿದ್ರೆ ತಪ್ಪು ಹಾಡ್ದಂಗೆ. ಇದನ್ನ ಹಾಡಿದ್ರೆ ನಾವು ಮಾತು ತಪ್ಪಿದಂಗೆ. ಬಿಟ್ಬಿಡೋಣ್ವಾ?”

“ಗೊತ್ತಿಲ್ಲ, ತೆತೆ. ನಂಗೇನೂ ಗೊತ್ತಾಗ್ತಿಲ್ಲ.”

ಹೊರಗೆ ಕರೆ ಬಂತು. ನಿಕಾಹ್ ಆಯಿತು. ವಧೂವರರನ್ನು ಕೊಡೆಯಡಿ ನಿಲ್ಲಿಸಿ ಹಿರಿಯರು ಅರಿಶಿನದಕ್ಕಿ, ಚಿಲ್ಲರೆ, ಪೆಪ್ಪರ್‌ಮೆಂಟು ತೂರಿದರು. ವೇದಿಕೆಯ ಮೂಲೆಯಲ್ಲಿದ್ದ ಡ್ರಮ್ಮಿನ ಮೇಲೂ ಅಕ್ಕಿ ಸುರಿಯಿತು. ತಂಡದಲ್ಲಿ ಗಿಟಾರು ನುಡಿಸುವ ಕೋಸಿಂ, ಸೂಪು ಮಾರುವ ತನ್ನ ಗಾಡಿಯಿಂದ ನೇರವಾಗಿ ಬಂದವನು, “ಏನ್ರೇ, ಶುರು ಮಾಡೋದಾ? ನನ್ ಸಾರು ಕಾಯ್ತಿದೆ” ಎಂದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ವಿವಿನ್ ಮೈಕು ಹಿಡಿದು ಇಮಾಸ್ ಕಡೆ ನೋಡಿದಳು. ಇಮಾಸ್‌ಗೆ ಆಗಲೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ತೀರ್ಮಾನವನ್ನು ಕೈಗಳಿಗೇ ಬಿಟ್ಟಳು.

ಕೈಗಳು ನಡೆದವು. ಓಡಿದವು. ಕಿರೀಟದ ಚಿನ್ನದ ಹೂಗಳು ಗಡಗಡ ನಡುಗಿದವು, ಸಭೆಯ ಅಜ್ಜಿಯರು ಮಂಡಕ್ಕಿಯ ತಟ್ಟೆ ಎದೆಗೊತ್ತಿಕೊಂಡರು, ವಿವಿನ್‌ಳ ದನಿ ಏರಿ ಏರಿ ಸೀಳಿತು: ಬಂಗಲೆ ಬೇಡ, ಬಿರುದು ಬೇಡ, ನನಗೆ ಬೇಕಾದ್ದು...

ನಿಂತಿತು. ಇಮಾಸ್‌ಳ ಕೋಲು ಗಾಳಿಯಲ್ಲೇ ಉಳಿಯಿತು.

ಮೈಕು ಕೈಕೊಟ್ಟಿತೆಂದು ಯಾರೋ ತಂತಿ ಅಲುಗಾಡಿಸಿದರು. ಆಗ, ಮದುಮಗನ ಕುರ್ಚಿಯಿಂದ, ಪಾಠ ಹೇಳುವ ದನಿಯಲ್ಲಿ, ಶ್ರುತಿಗೆ ಸೇರದೆ, ನಿಧಾನವಾಗಿ ರುಸ್ಮಾನ್ ಮೇಷ್ಟ್ರು ಹಾಡಿದರು. ಇವರು ಮುಂದಿನ ಸಾಲು ಮರೆತರೇನೋ ಅಂದುಕೊಂಡಿರಬೇಕು.

“ಬೆಳಗಿನ ಬಸ್ಸಿನಲ್ಲಿ, ಕಿಟಕಿ ನಿನಗಿರಲಿ, ಅದರ ಪಕ್ಕದ ಸೀಟು.”

ಕೋಸಿಂ ಗಿಟಾರು ಇಳಿಸಿ ಇಮಾಸ್ ಕಿವಿಯ ಹತ್ತಿರ ಬಾಗಿದ. “ಇದು ಪ್ರೇಮದ ಹಾಡಾ? ಹಂಗಾದ್ರೆ ಇಷ್ಟು ವರ್ಷ ನಾವು ಬೈತಿದ್ದಿದ್ದು ಯಾರಿಗೆ?”

ಮೇಷ್ಟ್ರು ಆ ಸಾಲನ್ನೇ ಮತ್ತೊಮ್ಮೆ ಹಾಡುತ್ತಿದ್ದರು, ವಿವಿನ್ ಹರಿದ ಗಂಟಲಲ್ಲಿ ಜೊತೆಗೂಡಿದ್ದಳು. ಅದು ಮುಗಿಯುವವರೆಗೂ ಇಮಾಸ್‌ಳ ಕೋಲು ಮೇಲೆಯೇ ಇತ್ತು. ಮುಗಿದ ಮೇಲೆ ಅವಳು ಅದನ್ನು ಒಂದೇ ಸಲ, ಮೆಲ್ಲಗೆ ಡ್ರಮ್ಮಿನ ಮೇಲೆ ಇಳಿಸಿದಳು. ಅಲ್ಲಿದ್ದ ಹಳದಿ ಅಕ್ಕಿಕಾಳುಗಳು ಎದ್ದು, ಎಲ್ಲಿ ಕೂರುವುದೆಂದು ತಿಳಿಯದೆ, ಮತ್ತೆ ಅಲ್ಲಲ್ಲೇ ಕೂತವು.