ಏನೂ ಹಚ್ಚಬೇಕಿಲ್ಲದ ದೋಣಿ

ದೋಣಿಯ ತಳದಲ್ಲಿ ಏಳು ತೂತುಗಳಿದ್ದವು. ಅದನ್ನು ಮಾಡಿಕೊಟ್ಟಿದ್ದ ಗೌರೀಶ್ ಮೊಣಕಾಲೂರಿ ಒಂದೊಂದರ ಮೇಲೂ ಬೆರಳಿಟ್ಟು ನೋಡಿದ. ಒಂದೂ ಬೆಸುಗೆಯ ಗೆರೆಯ ಮೇಲಿರಲಿಲ್ಲ. ಎಲ್ಲ ಹಾಳೆಯ ನಡುವೆಯೇ ಬಿದ್ದಿದ್ದವು, ಗೆದ್ದಲು ತಿಂದ ಹಾಗೆ.

"ಬೆಸುಗೆ ಸರಿಯಾಗಿದ್ರೆ ಹಾಳೆ ಕಳಪೆ ಅಂತಾಯ್ತು," ಅಂದರು ಲಿಂಗಣ್ಣ. ಕಬಿನಿ ಹಿನ್ನೀರಿನ ಆ ಊರಿನ ದೋಣಿ ಸಮಿತಿಗೆ ಅವರೇ ಅಧ್ಯಕ್ಷರು. ದಡದ ಕಲ್ಲಿನ ಮೇಲೆ ಕೂತಿದ್ದರು. "ಹಡಗಿಗೆ ಹಾಕೋ ಅಲ್ಯುಮಿನಿಯಂ ಅಂತ ನೀನೇ ಅಂದಿದ್ದೆ. ಉಪ್ಪುನೀರಲ್ಲೇ ಇಪ್ಪತ್ತೈದು ವರ್ಷ ಬಾಳ್ಕೆ ಬತ್ತದೆ ಅಂದಿದ್ದೆ. ನಮ್ಮ ಸಿಹಿನೀರಲ್ಲಿ ಎರಡೇ ವರ್ಷಕ್ಕೆ ಸ್ಕೂಲ್ ಮಕ್ಕಳು ಕಾಲು ನೆನಸ್ಕಂಡು ದಡ ಸೇರವ್ರೆ. ಏನಾಯ್ತು ಅಂತ ಹೇಳ್ಬುಟ್ಟು ಹೋಗು. ಇಲ್ಲಾಂದ್ರೆ ಎರಡನೇ ದೋಣಿ ಮಾಡೋ ಕೆಲ್ಸ ಮೈಸೂರಿನೋರಿಗೆ."

ಹಾಳೆ ಕಳಪೆಯಲ್ಲ ಎಂಬುದು ಗೌರೀಶನಿಗೆ ಗೊತ್ತಿತ್ತು. ಮೆಗ್ನೀಸಿಯಂ ಬೆರೆಸಿದ, ಸಮುದ್ರದ ಮೀನುಗಾರಿಕೆ ದೋಣಿಗಳಿಗೆ ಹಾಕುವ ಹಾಳೆ. ಮಂಗಳೂರಿಗೆ ತಾನೇ ಹೋಗಿ ಆರಿಸಿ ತಂದಿದ್ದ. ಹುಣಸೂರಿನ ಶೆಡ್ಡಿನಲ್ಲಿ ಗೇಟು, ಕಿಟಕಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಪೈಪು ಮಾಡಿಕೊಂಡಿದ್ದವನನ್ನು ಜನ ದೋಣಿ ಮಾಡುವವನು ಎಂದು ಕರೆಯತೊಡಗಿದ್ದು ಈ ದೋಣಿಯೊಂದರಿಂದ. ಎರಡನೆಯದು ಕೈತಪ್ಪಿದರೆ ಮತ್ತೆ ಗೇಟು, ಕಿಟಕಿ.

ತೂತಿನ ಅಂಚನ್ನು ಉಗುರಿನಿಂದ ಕೆರೆದ. ಬಿಳಿ ಪುಡಿ ಉದುರಿತು, ಅದರಡಿ ಕೆಂಪಗೆ ಏನೋ ಮಿಂಚಿತು. ಅಡ್ಡಪಟ್ಟಿಯ ಸಂದಿಯಲ್ಲಿ ಒಣಗಿದ ನೀಲಿ ಬಣ್ಣ ಕೂತಿತ್ತು.

ಆ ನೀಲಿಯನ್ನು ಯಾರೂ ಅವನಿಗೆ ಪರಿಚಯಿಸಬೇಕಿರಲಿಲ್ಲ. ಆಚೆ ದಡದಲ್ಲಿ ಅವನ ಅಜ್ಜಿಯ ಮನೆ. ಚಿಕ್ಕಂದಿನಲ್ಲಿ ಮೂರು ವರ್ಷ ಅಲ್ಲಿದ್ದು, ಅಂಬಿಗ ಮಂಚಯ್ಯನ ಮರದ ದೋಣಿಯಲ್ಲಿ ದಿನವೂ ದಾಟಿ ಶಾಲೆಗೆ ಹೋದವನು. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ ದೋಣಿಯನ್ನು ಎಳೆದು ಹೊಂಗೆಮರದಡಿ ಮಗುಚುತ್ತಿದ್ದರು. ಬೆಳೆಗೆ ಹೊಡೆಯುವ ಮೈಲುತುತ್ತದ ಹರಳನ್ನು ಮಂಚಯ್ಯ ಮಣ್ಣಿನ ಬಾನಿಯಲ್ಲಿ ಕರಗಿಸುತ್ತಿದ್ದ. ಅದನ್ನು ದೋಣಿಗೆ ಹಚ್ಚಲು ಹೆಂಡತಿ ರಾಮಮ್ಮ ಹಳೆ ಸೀರೆ ಹರಿದು ತುಂಡು ಮಾಡಿ ಕೊಡುತ್ತಿದ್ದಳು. ತುಂಡಿಗಾಗಿ ಹುಡುಗರು ಜಗಳವಾಡುತ್ತಿದ್ದರು. ನಾಲ್ಕು ದಿನ ಹಚ್ಚಿ, ಒಣಗಿಸಿ, ಮತ್ತೆ ಹಚ್ಚುವುದು. ಸಂಜೆ ಅಂಗೈ ನೀಲಿಯಾಗಿ ಮನೆಗೆ ಹೋಗಿ ಅಜ್ಜಿಯಿಂದ ಬೈಸಿಕೊಳ್ಳುವುದು. ಆ ದೋಣಿಗೆ ನಲವತ್ತು ವರ್ಷ ಹುಳ ಹಿಡಿಯಲಿಲ್ಲ.

"ಮಂಚಣ್ಣ, ಇದಕ್ಕೂ ತುತ್ತ ಹಚ್ಚಿದ್ರಾ?" ಗೌರೀಶ್ ಮೆಲ್ಲಗೆ ಕೇಳಿದ.

ಹುಟ್ಟಿಗೆ ಆತುಕೊಂಡು ನಿಂತಿದ್ದ ಮಂಚಯ್ಯನ ಮುಖ ಅರಳಿತು. "ಬುಡ್ತೀನಾ? ಒಸ ದೋಣಿ ಅಂತ ಎರಡರಷ್ಟು ಹಾಕಿದೀನಿ. ಒಳಗಡೀಕೆ ಸುರ್ದು ನಾಕ್ ದಿನ ಅಂಗೇ ನಿಲ್ಸಿದ್ದೆ. ನಮ್ಮಪ್ಪನೂ ಇಷ್ಟು ಮಾಡಿರ್ನಿಲ್ಲ."

"ಮರಕ್ಕೆ ಅದು ಔಷಧಿ ಕಣಣ್ಣ. ಇದಕ್ಕೆ ವಿಷ. ತುತ್ತದಲ್ಲಿ ತಾಮ್ರ ಇರ್ತದೆ. ಅದು ಅಲ್ಯುಮಿನಿಯಮ್ಮನ್ನ ತಿಂದಾಕ್ತದೆ."

ಮಂಚಯ್ಯ ತೂತುಗಳನ್ನು ನೋಡಿದ. ಆಮೇಲೆ ಲಿಂಗಣ್ಣನ ಕಡೆ ನೋಡಿದ. ಲಿಂಗಣ್ಣನ ತಮ್ಮನ ಮಗ ತೇಜಸ್, ದೋಣಿಗೆ ಮೋಟಾರು ಕೂರಿಸಿ ಮಂಚಯ್ಯನ ಬದಲು ತಾನೇ ನಡೆಸುತ್ತೇನೆಂದು ಹೋದ ವರ್ಷದಿಂದ ಕೇಳುತ್ತಿದ್ದ.

"ನಿನ್ ಹೆಸ್ರು ಉಳೀಬೇಕಲ್ಲ," ಅಂದ ಮಂಚಯ್ಯ. "ಇದ್ದದ್ದು ಹೇಳು. ನಾ ಏನೂ ಅಂದ್ಕಳಕಿಲ್ಲ."

ಗೌರೀಶ್ ಕೈಗೆ ಅಂಟಿದ್ದ ಪುಡಿಯನ್ನು ನೀರಲ್ಲಿ ತೊಳೆದುಕೊಂಡ. ದೋಣಿ ಒಪ್ಪಿಸಿದ ದಿನ ಊರವರೆದುರು ಅದರ ತಳ ತಟ್ಟಿ, ಇದಕ್ಕೆ ಬಣ್ಣ ಬೇಡ, ಎಣ್ಣೆ ಬೇಡ, ಏನೂ ಹಚ್ಚಬೇಕಿಲ್ಲ ಎಂದು ಜಂಬ ಕೊಚ್ಚಿದ್ದ. ಏನು ಹಚ್ಚಿದರೆ ಕೆಡುತ್ತದೆ ಎಂದು ಹೇಳಿರಲಿಲ್ಲ. ಮಂಚಯ್ಯ ಏನು ಹಚ್ಚುತ್ತಾನೆಂದು ಬಲ್ಲ ವೆಲ್ಡರು ಈ ಜಿಲ್ಲೆಯಲ್ಲಿ ತಾನೊಬ್ಬನೇ.

"ತಪ್ಪು ನಂದು ಲಿಂಗಣ್ಣೋರೆ," ಅಂದ. "ಮೈಲುತುತ್ತ ತಾಗಿಸ್ಬಾರ್ದು ಅಂತ ನಾನು ಹೇಳ್ಬೇಕಿತ್ತು. ಇವರು ಹಳೇ ರೂಢಿ ಪ್ರಕಾರ ಮಾಡವ್ರೆ. ತಳದ ಹಾಳೆ ಬದಲಾಯಿಸಿ ಕೊಡ್ತೀನಿ."

ಲಿಂಗಣ್ಣ ನಕ್ಕರು. "ಹೊಗೆಸೊಪ್ಪಿನ ಸಸಿಮಡಿಗೇ ತಗಡು ತಿಂತದೆ ಅಂತ ನಾವು ಅದನ್ನ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕಲಸ್ತೀವಿ. ಐಟಿಐ ಓದ್ದೋನಿಗೆ ಅಷ್ಟು ತಲೆಗೆ ಹೋಗ್ನಿಲ್ವಾ?" ಎದ್ದು ಪಂಚೆ ಕೊಡವಿಕೊಂಡರು. "ಮಂಚ, ಹುಟ್ಟು ನಿನ್ ಹತ್ರನೇ ಇರ್ಲಿ. ಹೇಳ್ದೆ ಇದ್ದೋನದ್ದು ತಪ್ಪು. ಗೌರೀಶಾ, ಎರಡನೇದು ಮಾತ್ರ ಮೈಸೂರಿನೋರೇ ಮಾಡ್ಲಿ ಬುಡಪ್ಪ."

ಅವರ ಬೈಕಿನ ಸದ್ದು ಏರಿಯನ್ನು ದಾಟಿ ಹೋಯಿತು. ಗೌರೀಶ್ ಸಾಮಾನುಗಳನ್ನು ಚೀಲಕ್ಕೆ ತುಂಬಿದ. ಮಂಚಯ್ಯ ಈಗ ಒಂದು ಒಳ್ಳೆಯ ಮಾತಾಡುತ್ತಾನೆ ಅಂದುಕೊಂಡಿದ್ದ.

ಮಂಚಯ್ಯ ದೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ಬೇವಿನೆಣ್ಣೆ ಆಯ್ತದಾ?"

"ಬೇಡ."

"ಟಾರು?"

"ಯಾವುದೂ ಬೇಡ ಮಂಚಣ್ಣ. ನೀರಲ್ಲಿ ತೊಳೆದ್ರೆ ಸಾಕು. ತನ್ನಷ್ಟಕ್ಕೆ ತಾನು ಇರ್ತದೆ."

ಮಂಚಯ್ಯ ಆ ಬೆಳ್ಳನೆ ಲೋಹದ ಮೇಲೆ ಅಂಗೈ ಆಡಿಸಿದ.

"ಅಂಗಾರೆ ಬೇಸ್ಗೇಲಿ ನಾ ಏನ್ ಮಾಡ್ಲಪ್ಪ?"