ಪೇಟೆ ಬೀದಿಯಲ್ಲಿ ಎರಡು ಜಟಕಾ

ಪೋಸ್ಟರು ಅಂಟಿಸುವ ಮೈದಾ ಗಂಜಿಯ ಹುಳಿ ವಾಸನೆ ಬಂದರೆ ಈಗಲೂ ನಾನು ಬೀದಿಯ ಆಚೆ ಬದಿಗೆ ದಾಟಿಬಿಡುತ್ತೇನೆ.

ಆಗ ನಾನು ಏಳು ವರ್ಷದ ಹುಡುಗಿ. ಶಿರಾದಲ್ಲಿ ಎರಡು ಟೆಂಟ್ ಸಿನಿಮಾಗಳಿದ್ದವು. ಒಂದರ ಪ್ರಚಾರಕ್ಕೆ ನಮ್ಮಪ್ಪ ಜಟಕಾದಲ್ಲಿ ಕೂಗಿಕೊಂಡು ಹೋಗುತ್ತಿದ್ದ, ಇನ್ನೊಂದಕ್ಕೆ ರಹೀಮ್ ಸಾಬರು. ಆ ವಾರ ಎರಡೂ ಟೆಂಟಿಗೆ ಇಂಗ್ಲಿಷ್ ಚಿತ್ರಗಳು ಬಂದಿದ್ದವು. ಅವುಗಳಲ್ಲಿ ಕೈಯಲ್ಲಿ ಬರೆದ ಪ್ರಾಣಿಗಳೇ ಹಾಡಿ ಕುಣಿಯುತ್ತವಂತೆ.

"ಎರಡೂ ದೊಡ್ಡ ಕಂಪ್ನಿ ಕಣಮ್ಮ. ಅಮೆರಿಕದಾಗೆ ಅವರು ಕಿತ್ತಾಡ್ತಾರೆ, ಇಲ್ಲಿ ನಾವು," ಎಂದು ಅಪ್ಪ ನಕ್ಕು ನನ್ನನ್ನೂ ಹತ್ತಿಸಿಕೊಂಡ. ನನ್ನ ಬೆನ್ನಿಗೆ ಒರಗಿದ್ದ ಪೋಸ್ಟರ್ ಬೋರ್ಡಿನ ಗಂಜಿ ಇನ್ನೂ ಹಸಿಯಾಗಿತ್ತು.

ಮಧ್ಯಾಹ್ನ ಪೇಟೆ ಬೀದಿಯಲ್ಲಿ ರಹೀಮ್ ಸಾಬರ ಜಟಕಾ ಎದುರಾಯಿತು. ಅದರ ಹಿಂದೆ ಆ ಟೆಂಟಿನ ಆಳುಗಳು ದೊಣ್ಣೆ ಹಿಡಿದು ಬರುತ್ತಿದ್ದರು.

"ಈ ಬೀದಿ ನಮ್ದು ಕಣ್ಲಾ, ಬುಟ್ಟು ಹೋಗು," ಎಂದು ಒಬ್ಬ ನಮ್ಮ ಕುದುರೆಯ ಮೂತಿಗೆ ಹೊಡೆದ.

ಕುದುರೆ ಮುಂಗಾಲೆತ್ತಿತು, ಗಾಡಿ ವಾಲಿತು. ಅಪ್ಪನತ್ತ ಎರಡೂ ಕೈ ಚಾಚಿದೆ. ಅಪ್ಪನ ಕೈಗಳು ಬೋರ್ಡನ್ನು ಹಿಡಿದುಕೊಂಡವು.

ನಾನು ಕಲ್ಲಿನ ಮೇಲೆ ಬಿದ್ದೆ. ಮುಖದ ಪಕ್ಕದಲ್ಲೇ ಕುದುರೆಯ ಗೊರಸು ಏಳುತ್ತಿತ್ತು, ಬೀಳುತ್ತಿತ್ತು. ರಹೀಮ್ ಸಾಬರು ಹಾರಿ ಬಂದು ನನ್ನನ್ನು ಎಳೆದು ಎದೆಗೆ ಒತ್ತಿಕೊಂಡರು. "ಹೆದರ್ಬ್ಯಾಡ ಬೇಟಿ," ಎನ್ನುತ್ತಿದ್ದ ಅವರ ಎದೆಯೂ ಡವಗುಟ್ಟುತ್ತಿತ್ತು.

ಮನೆ ಹತ್ತಿರ ಬಂದಾಗ ಅಪ್ಪ ಗಾಡಿ ನಿಲ್ಲಿಸಿದ. "ಬೀಳೋವಾಗ ನಿನ್ನ ನಾನೇ ಹಿಡ್ಕಂಡೆ ಅಂತ ನಿಮ್ಮವ್ವಂಗೆ ಹೇಳ್ಬುಡು."

ಹಾಗೆಯೇ ಹೇಳಿದೆ. ಅವ್ವ ನನ್ನ ತರಚಿದ ಮೊಣಕಾಲನ್ನು ತುಂಬಾ ಹೊತ್ತು ತೊಳೆದಳು. ಅಪ್ಪನ ಮುಖ ನೋಡಲಿಲ್ಲ.